ಗುಡಿಯೊಳಗೆ ಹಾಡದ ದುರುಗಪ್ಪ

ಹನುಮವ್ವ, ಆ ಚಿತ್ರದಲ್ಲಿ ನಿನ್ನ ಅಪ್ಪನನ್ನು ಗುಡಿಯೊಳಗೆ ಕೂರಿಸಿದವನು ನಾನು. ನಿನಗೆ ಅಕ್ಷರ ಕಲಿಸಿದ ಮಾಸ್ತರ — ನಾನೇ.

ಮಸ್ಕಿ ಸುತ್ತಿನ ಭಜನಾಮೇಳಗಳೆಲ್ಲ ನಿನ್ನ ಅಪ್ಪ ದುರುಗಪ್ಪನ ತತ್ವಪದಗಳನ್ನು ಹಾಡುತ್ತಿದ್ದವು. ಹೆಸರನ್ನು ಮಾತ್ರ ಮರೆತಿದ್ದವು. ಅವನ ಮೇಲೆ ಸಾಕ್ಷ್ಯಚಿತ್ರ ಮಾಡಲು ಬೆಂಗಳೂರಿನವರು ಬಂದಾಗ ಊರು ತೋರಿಸುವ ದೊಡ್ಡಸ್ತಿಕೆ ನನ್ನ ಪಾಲಿಗೆ ಬಂತು. ಮೊದಲ ದಿನ ಅವನು ಎಂದಿನ ಜಾಗದಲ್ಲೇ, ಗುಡಿಯ ಗೋಡೆಯಾಚೆ ಬೇವಿನ ಗಿಡದ ಕೆಳಗೆ, ಏಕತಾರಿ ಹಿಡಿದು ಹಾಡಿದ. ಆಮೇಲೆ ಕ್ಯಾಮೆರಾದ ಮುಂದೆ ಹೇಳಿದ:

“ನಮ್ಮ ಕೇರಿಯವರನ್ನ ಒಳಗ ಬಿಡೂದಿಲ್ರಿ. ನಾ ಇಲ್ಲಿಂದ ಪದ ಎತ್ತಿ ಕೊಡ್ತೀನಿ, ಮೇಳದವರು ಒಳಗ ಹಿಡಿತಾರ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ನನ್ನ ಮುಖ ಸುಟ್ಟಂತಾಯಿತು — ಅದು ನಮ್ಮ ಮನೆತನ ನಡೆಸುವ ಗುಡಿ. ಆ ಮಾತು ತೆಗೆಯಿರಿ, ಊರಿನ ಹೆಸರು ಕೆಡುತ್ತದೆ, ನಾಳೆ ಅವನನ್ನು ಒಳಗೇ ಕೂರಿಸುತ್ತೇನೆ ಎಂದು ಚಿತ್ರದವರನ್ನು ಒಪ್ಪಿಸಿದೆ. ಹಿರಿಯರನ್ನೂ ಒಪ್ಪಿಸಿದೆ, ಒಂದು ತಾಸಿನ ಮಟ್ಟಿಗೆ.

ಮರುದಿನ ನಿನ್ನ ಅಪ್ಪ ಒಳಗೆ ಕುಳಿತ. ತಂತಿ ಮೀಟಿದ, ಬಾಯಿ ತೆರೆದ, ಮತ್ತೆ ಮುಚ್ಚಿದ.

“ಮಾಸ್ತರ, ದನಿ ಬರವಲ್ದರಿ.”

ಚಿತ್ರದವರು ಅವನ ಬೆನ್ನು ತೋರಿಸಿ, ಹಿಂದಿನ ದಿನದ ಹಾಡನ್ನು ಅದಕ್ಕೆ ಜೋಡಿಸಿದರು. ಅವರ ಜೀಪು ಹೋದ ಮೇಲೆ ಗುಡಿಯ ನೆಲ ತೊಳೆದರು. ನೀರು ಹೊತ್ತು ತಂದವರಲ್ಲಿ ನಾನೂ ಒಬ್ಬ — ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಅವನು ಸತ್ತ ಮೇಲೆ, ನಮ್ಮನ್ನೂ ಒಳಗೆ ಬಿಡಿ ಎಂದು ನೀನು ಅರ್ಜಿ ಕೊಟ್ಟೆ. ವಿಚಾರಣೆಗೆ ಅಧಿಕಾರಿ ಬಂದಾಗ ನಮ್ಮವರು ಟಿ.ವಿ. ತಂದಿಟ್ಟು ಅದೇ ಚಿತ್ರ ಹಾಕಿದರು. ಇವರಪ್ಪನೇ ಒಳಗೆ ಕೂತು ಹಾಡುತ್ತಿದ್ದಾನೆ, ಭೇದ ಎಲ್ಲಿದೆ ಎಂದರು. ನೀನು ನನ್ನ ಕಡೆ ತಿರುಗಿದೆ.

“ಮಾಸ್ತರ, ನಮ್ಮಪ್ಪ ಎಂದಾರ ಒಳಗ ಹಾಡ್ಯಾನೇನ್ರಿ? ನೀವ ಹೇಳ್ರಿ.”

“ಚಿತ್ರದಾಗ ಐತಲ್ಲವಾ,” ಎಂದೆ. “ನಾ ಬ್ಯಾರೆ ಏನ್ ಹೇಳ್ಲಿ.”

ಅರ್ಜಿ ಅಲ್ಲಿಗೇ ಮುಗಿಯಿತು. ಸುಳ್ಳಿ ಎಂಬ ಹೆಸರು ಹೊತ್ತು ನೀನು ಸಿಂಧನೂರಿನ ಕಡೆ ಭತ್ತದ ನಾಟಿಗೆ ಹೋದೆ. ನಾನು ಮರುದಿನವೂ ಶಾಲೆಗೆ ಹೋದೆ, ಸತ್ಯ ಹೇಳಬೇಕೆಂದು ಮಕ್ಕಳಿಗೆ ಕಲಿಸಿದೆ — ನಾಚಿಕೆಯಾಗಲಿಲ್ಲ ಆಗ.

ಮೊನ್ನೆ ಆ ಚಿತ್ರದ ಕ್ಯಾಸೆಟ್ಟನ್ನು ಮತ್ತೆ ಹಾಕಿದೆ. ನಿನ್ನ ಅಪ್ಪನ ಹಾಡಿನ ಹಿಂದೆ ಆಡುಗಳ ಕೊರಳ ಗಂಟೆ ಕೇಳುತ್ತದೆ. ಮೊದಲ ದಿನ ಬೇವಿನ ಗಿಡದ ಪಕ್ಕ ಹಾದುಹೋದ ಹಿಂಡು ಅದು. ಚಿತ್ರ ಇಷ್ಟು ವರ್ಷ ನಿಜವನ್ನೇ ಹೇಳುತ್ತಿತ್ತು, ನಾನು ಹೇಳಿರಲಿಲ್ಲ.

ಇದನ್ನೆಲ್ಲ ಬರೆದು ಸಹಿ ಹಾಕಿದ್ದೇನೆ. ನಾಳೆ ಕ್ಯಾಸೆಟ್ ಹಿಡಿದು, ನಿನ್ನ ಅರ್ಜಿಯ ವಿಚಾರಣೆ ನಡೆಸಿದ ಲಿಂಗಸೂಗೂರಿನ ಕಚೇರಿಗೆ ಹೋಗುತ್ತೇನೆ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಆ ಗಂಟೆ ಕೇಳುವ ಜಾಗದಲ್ಲಿ ಚಿತ್ರ ನಿಲ್ಲಿಸಿ, ದುರುಗಪ್ಪ ಹೊರಗೇ ಇದ್ದ ಎಂದು ಹೇಳಿ ಬರುತ್ತೇನೆ.