ಬೆರಣಿ ತಟ್ಟಿದ ಕಲ್ಲು

ನಾನು ಚಿಕ್ಕವಳಿದ್ದಾಗ ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ನಮಗೊಂದು ತುಂಡು ಗದ್ದೆಯಿತ್ತು. ಕೆರೆ ಏರಿಯ ಕೆಳಗಿನ ಆ ಗದ್ದೆ ಬಿಟ್ಟರೆ ಬೇರೆ ಭೂಮಿ ಇರಲಿಲ್ಲ. ಕೆರೆಯ ತೂಬು ಎತ್ತಿ ಊರಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಮಳೆಗಾಲದಲ್ಲಿ ಏರಿ ಕಾಯುವುದು ತಲೆತಲಾಂತರದಿಂದ ನಮ್ಮ ಮನೆಯವರ ಕೆಲಸ. ಅಪ್ಪನ ಮೈಯಿಂದ ಯಾವಾಗಲೂ ಕೆರೆಯ ಕೆಸರಿನ ವಾಸನೆ ಬರುತ್ತಿತ್ತು. ನನಗೆ ಅದು ಬಹಳ ಇಷ್ಟವಾಗಿತ್ತು.

ಗದ್ದೆಯ ಅಂಚಿನಲ್ಲಿ ನನ್ನಷ್ಟೇ ಎತ್ತರದ ಕಲ್ಲೊಂದು ನಿಂತಿತ್ತು. ತುದಿಯಲ್ಲಿ ಸೂರ್ಯ, ಚಂದ್ರ. ಕೆಳಗೆ ಊರಲ್ಲಿ ಯಾರಿಗೂ ಓದಲು ಬಾರದ ಹಳೆಯ ಅಕ್ಷರಗಳು. ಮೂರನೇ ತರಗತಿಯ ಪಂಡಿತೆಯಾಗಿದ್ದ ನಾನೂ ಬೆರಳಿಟ್ಟು ಓದಲು ಹೋಗಿ ಸೋತಿದ್ದೆ. ಅವ್ವನಿಗೆ ಮಾತ್ರ ಅದು ದೇವರು. ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ಇಟ್ಟು ಕೈಮುಗಿಯದೆ ಅವಳು ಅನ್ನ ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಅಪ್ಪ ಅರಳಿಕಟ್ಟೆಯಿಂದ ಮುಖ ಸಪ್ಪೆ ಮಾಡಿಕೊಂಡು ಬಂದರು. ಬೆಂಗಳೂರಿನವರೊಬ್ಬರು ಊರೂರು ತಿರುಗಿ ಹಳೆಯ ಕಲ್ಲುಗಳನ್ನು ಓದುತ್ತಿದ್ದಾರಂತೆ. ಎಲ್ಲೋ ಒಂದು ಕಡೆ ಕಲ್ಲಿನಲ್ಲಿ ‘ಇದು ದೇವಸ್ಥಾನದ ಭೂಮಿ’ ಎಂದಿತ್ತಂತೆ, ಉಳುವವರ ಕೈಯಿಂದ ಗದ್ದೆ ಹೋಯಿತಂತೆ. ಯಾವ ಊರು, ಯಾರ ಗದ್ದೆ ಎಂದರೆ ಯಾರಿಗೂ ಗೊತ್ತಿಲ್ಲ. ಆದರೂ ಅಪ್ಪನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಪಕ್ಕದವರ ಹೊಲಕ್ಕೆ ಕಳೆ ಕೀಳಲು ಹೋದ ಮೇಲೆ ಅಪ್ಪ ಒಂದು ಮಂಕರಿ ಸಗಣಿ ಹೊತ್ತು ಗದ್ದೆಗೆ ನಡೆದರು. ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೋದರು. ಕಲ್ಲಿನ ತುಂಬ ಬೆರಣಿ ತಟ್ಟಬೇಕು ಎಂದಾಗ ಅಕ್ಕ ಹಿಂದೆ ಸರಿದಳು.

“ದೇವ್ರ ಮೇಲೆ ಸಗಣಿನಾ ಅಪ್ಪಾ?”

“ಆಮೇಲೆ ತೊಳ್ಯಾನ ಬಿಡವ್ವ. ದೇವ್ರಾದ್ರೆ ಕ್ಷಮಿಸ್ತಾನೆ, ಗೌರ್ಮೆಂಟು ಕ್ಷಮಿಸಲ್ಲ.”

ನಾನು ಬೆಚ್ಚಗಿನ ಸಗಣಿ ಉಂಡೆ ಕಟ್ಟಿ ಕೊಟ್ಟೆ, ಅವರಿಬ್ಬರೂ ತಟ್ಟಿದರು. ಸೂರ್ಯ ಚಂದ್ರರೂ ಮುಚ್ಚಿಹೋದರು.

ಮಧ್ಯಾಹ್ನ ಕಲ್ಲು ಓದುವ ಆ ಬೆಂಗಳೂರಿನವರು ಸೈಕಲ್ಲಿನಲ್ಲಿ ಒಬ್ಬರೇ ಬಂದೇಬಿಟ್ಟರು. ಹೆಗಲಲ್ಲಿ ಬಟ್ಟೆಚೀಲ, ಕನ್ನಡಕದ ತುಂಬ ಧೂಳು. ಅಪ್ಪ ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ ಕೊಡಿಸಿ, “ನಮ್ಮೂರಲ್ಲಿ ಅಂಥ ಕಲ್ಲು ಯಾವ್ದೂ ಇಲ್ಲ ಸ್ವಾಮಿ” ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಪ್ಪನ ಕಿವಿ ಕೆಂಪಗಾಗಿತ್ತು. ಪಕ್ಕದೂರಿನ ದಾರಿ ತೋರಿಸಲು ನಾವೆಲ್ಲ ಬಂದವರೊಂದಿಗೆ ನಮ್ಮ ಗದ್ದೆಯ ಪಕ್ಕದ ಕೆರೆ ಏರಿಯವರೆಗೆ ಹೋದೆವು.

ಅಪ್ಪ ಎಲ್ಲವನ್ನೂ ಯೋಚಿಸಿದ್ದರು, ಅಂದು ಶುಕ್ರವಾರ ಎಂಬುದನ್ನು ಮಾತ್ರ ಮರೆತಿದ್ದರು. ಕಳೆ ಕೀಳುವುದು ಮುಗಿಸಿ, ಪೂಜೆಯ ತಟ್ಟೆ ಹಿಡಿದು ಬಂದ ಅವ್ವ ಕಲ್ಲನ್ನು ನೋಡಿ ನಿಂತುಬಿಟ್ಟಳು. “ಯಾರಿಗ್ ಬಂತು ಈ ಕೇಡುಬುದ್ಧಿ” ಎನ್ನುತ್ತ, ಅತ್ತಿತ್ತ ನೋಡದೆ ಹಸಿ ಬೆರಣಿಗಳನ್ನು ಕಿತ್ತು ಹಾಕತೊಡಗಿದಳು. ಸೂರ್ಯ ಕಂಡ, ಚಂದ್ರ ಕಂಡ, ಅಕ್ಷರಗಳೂ ಕಂಡವು. ಬಂದವರು ಬೈಯಲಿಲ್ಲ. ಸೈಕಲ್ ನಿಲ್ಲಿಸಿ, ಅಂಗಿಯ ತೋಳು ಮಡಚಿ, ಅವ್ವನ ಪಕ್ಕ ಕುಳಿತು ತಾವೂ ಸಗಣಿ ಕೆರೆದರು.

ಅಕ್ಕ ಕೆರೆಯಿಂದ ನೀರು ತಂದು ಕಲ್ಲು ತೊಳೆದಳು. ಅವರು ಕೇಳಿದರೆಂದು ನಾನು ಮನೆಗೆ ಓಡಿ ಅಕ್ಕಿಹಿಟ್ಟು ತಂದೆ. ಹಿಟ್ಟು ಸವರಿದಾಗ ಕಪ್ಪು ಕಲ್ಲಿನಲ್ಲಿ ಬಿಳಿ ಅಕ್ಷರಗಳು ಎದ್ದು ನಿಂತವು. ಅವರು ತಡೆದು ತಡೆದು ಓದಿದರು. ಅಪ್ಪನ ಕಣ್ಣು ಅವರ ತುಟಿಯ ಮೇಲೇ ಇತ್ತು. ನಾನು ಹೆದರಿ ಅಪ್ಪನ ಕೈ ಹಿಡಿದುಕೊಂಡೆ.

“ವಿಜಯನಗರದ ಅರಸರ ಕಾಲದ್ದು. ಈ ಕೆರೆ ಕಟ್ಟಿಸಿದೋರು ಬರೆಸಿದ್ದು. ಕೆರೆ ನೋಡ್ಕೊಳ್ಳೋನು ಈ ಗದ್ದೇನ ಸೂರ್ಯ ಚಂದ್ರರಿರೋ ತನಕ ಮಕ್ಕಳು ಮೊಮ್ಮಕ್ಕಳ ಜೊತೆ ಉಣ್ಣಲಿ ಅಂತಿದೆ. ಇದನ್ನ ಅಳಿಸಿದೋರಿಗೆ ಹಸು ಕೊಂದ ಪಾಪ ಅಂತೆ.”

“ಸಗಣಿ ಬಳಿದೋರಿಗೆ ಏನಂತೆ?” ಎಂದಳು ಅವ್ವ, ಅಪ್ಪನನ್ನೇ ನೋಡುತ್ತ.

ಅಪ್ಪ ನಗಲಿಲ್ಲ. “ನೋಡ್ಕೊಳ್ದೆ ಹೋದ್ರೆ, ಸ್ವಾಮಿ?” ಎಂದು ಮೆಲ್ಲಗೆ ಕೇಳಿದರು.

ಬಂದವರು ಮತ್ತೊಮ್ಮೆ ಕಲ್ಲು ನೋಡಿದರು. “ಅದು ಬರ್ದಿಲ್ಲಪ್ಪ. ನೋಡ್ಕೊಳ್ದೆ ಇರ್ತಾರೆ ಅಂತ ಬರೆಸಿದೋರಿಗೆ ಅನ್ನಿಸೇ ಇರ್ಲಿಲ್ವೇನೋ.”

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಅವರು ಅಳುತ್ತಿದ್ದರು. ನಮ್ಮ ಅಪ್ಪನೂ ಅಳುತ್ತಾರೆ ಎಂದು ನನಗೆ ಗೊತ್ತಾದದ್ದು ಅಂದೇ.

ಅಪ್ಪ ಇರುವ ತನಕ ಆ ಕೆರೆಯ ಏರಿಯಲ್ಲಿ ಒಂದು ಬಿರುಕೂ ಬಿಡಲಿಲ್ಲ. ಆಮೇಲೆ ನಾವು ಬೋರ್‌ವೆಲ್ ಕೊರೆಸಿದೆವು, ಕೆರೆಯ ಕಡೆ ತಿರುಗಿ ನೋಡಲಿಲ್ಲ. ಕೆರೆಯಲ್ಲಿ ಹೂಳು ತುಂಬಿತು, ಬೋರ್‌ವೆಲ್ ಬತ್ತಿತು, ಗದ್ದೆಯನ್ನು ನಾವೇ ಮಾರಿದೆವು. ಈಗ ಅಲ್ಲಿ ಕಾರ್ಖಾನೆಯ ಲಾರಿಗಳು ನಿಲ್ಲುತ್ತವೆ. ನನ್ನ ಮೊಮ್ಮಕ್ಕಳ ಮನೆಗೆ ಟ್ಯಾಂಕರ್ ನೀರು ಬರುತ್ತದೆ. ಅದು ಯಾವ ಊರಿನ ನೀರೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೊನ್ನೆ ಇದನ್ನೆಲ್ಲ ಹೇಳಿದಾಗ ಕಿರಿಯ ಮೊಮ್ಮಗ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ನನ್ನ ಸೆರಗು ಹಿಡಿದು, “ಅಜ್ಜಿ, ನಾವು ಈಗ ಹೋಗಿ ಕೆರೆ ನೋಡ್ಕೊಂಡ್ರೆ ಗದ್ದೆ ವಾಪಸ್ ಕೊಡ್ತಾರಾ?” ಎಂದು ಕೇಳಿದ. ನಾನು ಅವನನ್ನು ಮಡಿಲಿಗೆ ಎಳೆದುಕೊಂಡೆ.