ಬಡಿಸಿದ ಚೆಂಡು

ನಿನ್ನೆ ಭಾನುವಾರ, ಮಾಟುಂಗಾದಲ್ಲಿ ಒಂದು ಮದುವೆಯ ಊಟ. ಸಾರಿನ ಬಕೆಟ್ಟಿನಿಂದ ಎದ್ದ ಇಂಗಿನ ಒಗ್ಗರಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕಾಲೇಜು ಬಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್ ಆಗಿ ಆಡುತ್ತಿದ್ದವನು ನೆನಪಾದ. ಜೊತೆಗೇ ಸಿಟ್ಟೂ ಬಂತು. ಅವನ ಅಂಗಿಗೆ ಸದಾ ಇದೇ ವಾಸನೆ...

ಈ ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಉಡುಪಿ ಕಡೆಯ ಹುಡುಗ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಮಾವನ ಊಟದ ಹೋಟೆಲಿನಲ್ಲಿ ಬಡಿಸುವುದು, ಸಂಜೆ ಆಟ. ಯಾರು ಎಸೆದದ್ದು ಎಷ್ಟು ಸಲ ರಿಂಗಿನೊಳಗೆ ಬಿತ್ತೆಂದು ನಾನು ದಿನವೂ ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಅವನು ಹತ್ತು ಎಸೆದರೆ ಒಂಬತ್ತು ಒಳಗೆ, ಅದೂ ಅಷ್ಟು ದೂರದಿಂದ. ಆದರೆ ಎಸೆಯಬೇಕಲ್ಲ! ಚೆಂಡು ಕೈಗೆ ಬಂದರೆ ಬಡಿಸಲು ಹೊರಡುತ್ತಿದ್ದ. ಉಳಿದ ನಾಲ್ವರಿಗೂ ಕೊಟ್ಟಾದ ಮೇಲೆಯೇ ತನ್ನ ಸರದಿ.

ಬೆಳಗಾವಿಯ ಕೋಚ್ ಸಾಹೇಬರು ತಲೆ ಚಚ್ಚಿಕೊಳ್ಳುತ್ತಿದ್ದರು. "ಲೇ ತಮ್ಮಾ, ಇದು ಆಟ ಐತಿ, ಊಟದ ಪಂಕ್ತಿ ಅಲ್ಲ! ಬಕೇಟು ಎಲ್ಲಿ ಇಟ್ಟಿ?"

"ಪಂಕ್ತಿಭೇದ ಮಾಡಿದ್ರೆ ಮಾವ ಸೌಟಲ್ಲೇ ಹೊಡೀತಾರೆ ಸಾರ್" ಎಂದು ನಗುತ್ತಿದ್ದ.

ಫೈನಲ್ ಬಾಂದ್ರಾದಲ್ಲಿ. ಗೆದ್ದರೆ ಅವನನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡು ಕೆಲಸ ಕೊಡುವುದಾಗಿ ಒಂದು ಮಿಲ್ಲಿನ ಸಾಹೇಬರು ಹೇಳಿದ್ದರು. ಹಿಂದಿನ ಸಂಜೆ ಲೋಕಲ್ ರೈಲಿನಲ್ಲಿ ಅವನೇ ಅಂಗೈ ತೋರಿಸಿ, "ಇನ್ನು ಬಕೆಟ್ ಹಿಡಿಯುದು ಬೇಡ ಮಾರಾಯ, ಸುಟ್ಟು ಸುಟ್ಟು ಸಾಕಾಗಿದೆ" ಎಂದಿದ್ದ.

ಕೊನೆಯ ಗಳಿಗೆ. ನಾವು ಒಂದು ಅಂಕ ಹಿಂದೆ. ಚೆಂಡು ಅವನ ಕೈಯಲ್ಲಿ, ಮುಂದೆ ಅಡ್ಡ ಯಾರೂ ಇಲ್ಲ. "ಮಾರ್, ಮಾರ್!" ಎಂದು ಸುತ್ತಲಿನವರೆಲ್ಲ ಎಸೆಯಲು ಕೂಗುತ್ತಿದ್ದರು. ಅವನು ಎಡಕ್ಕೆ ನೋಡಿದ. ಕಾಲು ಉಳುಕಿದ ಒಬ್ಬನ ಬದಲು ಆಗಷ್ಟೇ ಇಳಿದಿದ್ದ ನಾನು ಅಲ್ಲಿದ್ದೆ, ಇನ್ನೂ ಚೆಂಡನ್ನೇ ಮುಟ್ಟಿರಲಿಲ್ಲ. ನೆಟ್ಟಗೆ ನನ್ನ ಕೈಗೇ ಕೊಟ್ಟ... ಎಸೆದೆ. ರಿಂಗಿಗೆ ತಾಗಿ ಆಚೆ ಬಿತ್ತು. ಸೀಟಿ ಊದಿದರು.

"ನಾನು ಕೇಳಿದೆನೇನೋ? ಯಾಕೆ ಕೊಟ್ಟೆ?" ಎಂದು ಅಲ್ಲೇ ಕೂಗಾಡಿದೆ.

"ನಿನಗೊಬ್ಬನಿಗೆ ಬಾಕಿ ಇತ್ತಲ್ಲ" ಎಂದ, ಖಾಲಿ ಎಲೆ ಕಂಡವನ ಹಾಗೆ.

ಡೈರಿಯಲ್ಲಿ ಆ ದಿನ ಅವನದು ಎಂಟಕ್ಕೆ ಏಳು, ನನ್ನದು ಒಂದಕ್ಕೆ ಸೊನ್ನೆ. ಮಿಲ್ಲಿನವರು ಎದುರು ತಂಡದವನನ್ನು ಕರೆದರು. ಇವನು ಮತ್ತೆ ಬಕೆಟ್ಟಿಗೆ. ಮುಂದಿನ ವರ್ಷ ಕಾಲೇಜೂ ಬಿಟ್ಟ. ಆಮೇಲೆ ಟೈಫಾಯ್ಡ್... ಸುದ್ದಿ ತಲುಪಿದಾಗ ಎಲ್ಲ ಮುಗಿದಿತ್ತು. ಅವನನ್ನು ಬೈಯುವುದು ಮಾತ್ರ ನನಗಿನ್ನೂ ಮುಗಿದಿರಲಿಲ್ಲ.

ನಿನ್ನೆ ಹೋಳಿಗೆ ಬಡಿಸುತ್ತ ಬಂದವನ ತಟ್ಟೆ ಪಕ್ಕದವರ ಎಲೆಯ ಹತ್ತಿರ ಖಾಲಿಯಾಯಿತು. "ಈಗ್ಲೇ ತಂದೆ ಸಾರ್" ಎಂದು ಒಳಗೆ ಹೋದವನು ಬರಲೇ ಇಲ್ಲ. ಪಂಕ್ತಿ ಎದ್ದಿತು. ಕೈ ಒಣಗುತ್ತಿದ್ದರೂ ನಾನು ಕೂತೇ ಇದ್ದೆ.

"ಏಳಿ ಸ್ವಾಮಿ, ಹಿಂದೆ ಜನ ಕಾಯ್ತಿದ್ದಾರೆ" ಎಂದರು ಯಾರೋ.

ಆ ಹಾಳಾದವನು ಇದ್ದಿದ್ದರೆ ವಾಪಸ್ ಬರುತ್ತಿದ್ದ.