ವಾಟಲ್ ಕಡಿಯಲು ಬಂದವಳು

ಊಟಿ ಬಳಿಯ ಸೋಲೂರಿನ ಕೆಳಗಿನ ಹಟ್ಟಿಯ ಮಾತಿ ಎಂಬವಳಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮನೆಯವರು ಹೆದರುತ್ತಿದ್ದದ್ದು ಆ ತಗ್ಗಿದ ದನಿಗೇ. ಆದರೆ 2005ರ ಜನವರಿಯಲ್ಲಿ ಮಗ ಉಮೇಶ್ ಊಟಿಯಿಂದ ಬಂದು, "ಅವ್ವೆ, ಹೆಲೆನ್ ಮತ್ತೆ ಬಂದವ್ಳೆ" ಎಂದಾಗ ಅವಳು ಖುಷಿಯಿಂದ ಕೂಗಿಯೇಬಿಟ್ಟಳು.

ಹದಿನೈದು ವರ್ಷಗಳ ಹಿಂದೆ ಇಂಗ್ಲೆಂಡಿನ ಈ ಹುಡುಗಿ ಬೆಟ್ಟ ನೋಡಲು ಬಂದವಳು, ಒಂದು ಸೇವಾಸಂಸ್ಥೆಯ ಜೊತೆ ಸೇರಿಕೊಂಡು ಮಾತಿಯ ಮನೆಯಲ್ಲೇ ತಿಂಗಳು ಉಳಿದಿದ್ದಳು. ಹಟ್ಟಿಯ ಮೇಲಿನ ಹುಲ್ಲುಬೋರೆ ಬರಿದಾಗಿ ಕಾಣುತ್ತದೆ, ಮರ ನೆಟ್ಟರೆ ಮಳೆಯೂ ಬರುತ್ತದೆ, ಸೌದೆಯೂ ಸಿಗುತ್ತದೆ ಎಂದಿದ್ದರು ಸಂಸ್ಥೆಯವರು. ಯಾರೂ ಬೇಡವೆನ್ನಲಿಲ್ಲ. ಮಾತಿ ಗುಂಡಿ ತೋಡಿದಳು, ಹೆಲೆನ್ ವಾಟಲ್ ಎಂಬ ಬೇಗ ಬೆಳೆಯುವ ಮರದ ಸಸಿ ಇಟ್ಟಳು. ಇಬ್ಬರೂ ಮಣ್ಣುಗೈಯಲ್ಲೇ ಸುಟ್ಟ ಆಲೂಗಡ್ಡೆ ತಿಂದು ನಕ್ಕರು.

ವಾಟಲ್ ಬೆಳೆದದ್ದೇ ಬೆಳೆದದ್ದು. ಕೆಲವೇ ವರ್ಷಗಳಲ್ಲಿ ಬೋರೆಯೆಲ್ಲ ಕತ್ತಲಾಗಿ ಹುಲ್ಲು ಸತ್ತಿತು. ಬೇಸಿಗೆ ಬಂತೆಂದರೆ ಹಟ್ಟಿಯ ಒರತೆ ಬತ್ತತೊಡಗಿತು. ಮಾತಿಯ ಗಂಡ ಜೋಗಿ ಎಮ್ಮೆಗಳನ್ನು ಒಂದೊಂದಾಗಿ ಮಾರಿದ. ಹಟ್ಟಿಯವರಲ್ಲಿ ಹಾಲು ಕರೆಯುವುದು ಗಂಡಸರ ಕೆಲಸ. ಕೊನೆಯ ಎಮ್ಮೆಯೂ ಹೋದ ಮೇಲೆ ಅವನು ಬೆಳಗ್ಗೆ ಎದ್ದು, ಮಾಡಲು ಏನೂ ಇಲ್ಲದೆ ಅಂಗಳದಲ್ಲಿ ಸುಮ್ಮನೆ ನಿಲ್ಲುತ್ತಿದ್ದ. ಹಾಗೇ ಸೊರಗಿ ತೀರಿಕೊಂಡ. ಆಗಲೂ ಮಾತಿ ಹೆಲೆನ್‌ಳನ್ನು ಬೈದವಳಲ್ಲ. ತನಗೆ ಗೊತ್ತಿರಲಿಲ್ಲ, ಆ ಹುಡುಗಿಗೂ ಗೊತ್ತಿರಲಿಲ್ಲ ಎಂದುಕೊಂಡಿದ್ದಳು.

ಈಗ ಹೆಲೆನ್ ಒಂದು ವ್ಯಾನಿನ ತುಂಬ ಹುಡುಗ ಹುಡುಗಿಯರನ್ನು ಕರೆತಂದಿದ್ದಳು. ಎಲ್ಲರೂ ಸ್ವಯಂಸೇವಕರು, ಕೈಯಲ್ಲಿ ಹೊಸ ಗರಗಸ. ವಾಟಲ್ ಕಡಿಯುವುದು ಅವರ ಕೆಲಸ. ಬೋರೆಯ ಮೇಲೆ ಹಟ್ಟಿಯವರನ್ನೆಲ್ಲ ಸೇರಿಸಿ ಹೆಲೆನ್ ಮಾತಾಡಿದಳು, ಉಮೇಶ್ ಅದನ್ನು ತಮ್ಮ ಮಾತಿನಲ್ಲಿ ಹೇಳುತ್ತ ಹೋದ. ಈ ಮರ ಇಲ್ಲಿಯದಲ್ಲ, ನೀರು ಕುಡಿಯುತ್ತದೆ, ಹುಲ್ಲು ಕೊಲ್ಲುತ್ತದೆ. ಅಷ್ಟು ಹೇಳಿ ಉಮೇಶ್ ತಡವರಿಸಿದ.

"ಮುಂದಕ್ಕೆ ಏನ ಅಂದ್ಲು?" ಎಂದಳು ಮಾತಿ.

"ಇಲ್ಲಿನ ಜನ ತಿಳೀದೆ ನೆಟ್ಟುಬಿಟ್ರು, ಎಲ್ಲ ಸೇರಿ ಸರಿಮಾಡೋಣ ಅಂದ್ಲು."

ಮಾತಿ ಎದ್ದು ನಿಂತಳು. ದನಿ ಪೂರಾ ಇಳಿದಿತ್ತು. "ಗುಂಡಿ ಎನ್ನದು. ಸಸಿ ಇಟ್ಟ ಕೈ ಯಾರದು? ಕೇಳು ಅವಳ."

ಉಮೇಶ್ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ; ಮಾತಿಯ ಬೆರಳು ಹೆಲೆನ್‌ಳ ಕೈಯನ್ನೇ ತೋರಿಸುತ್ತಿತ್ತು. ಹೆಲೆನ್ ಮುಖ ಬಿಳಿಚಿಕೊಂಡಿತು, ಕಣ್ಣಲ್ಲಿ ನೀರು ಬಂತು. ಅಷ್ಟೇ ಸಾಕಾಯಿತು. ಹುಡುಗಿಯರು ಓಡಿಬಂದು ಅವಳನ್ನು ತಬ್ಬಿಕೊಂಡರು. ಸಂಸ್ಥೆಯವನೊಬ್ಬ ಕುರ್ಚಿ ತಂದ, ಇನ್ನೊಬ್ಬ ನೀರಿನ ಬಾಟಲಿ. ಹಟ್ಟಿಯ ಹಿರಿಯರೂ ಮಾತಿಯನ್ನೇ ಗದರಿಸಿದರು. "ಪಾಪ, ಬಿಡವ್ವೆ" ಎಂದ ಮಗ.

"ಎಂಗ ಮನೆ ಎಮ್ಮೆ ಹೋದಾಗ, ನಿನ್ನ ಅಪ್ಪ ಹೋದಾಗ ಇವರಲ್ಲಿ ಯಾರು ಕುರ್ಚಿ ತಂದ್ರು?" ಎಂದಳು ಮಾತಿ. ಅವಳು ಬೆನ್ನು ತಿರುಗಿಸಿ ಇಳಿದುಹೋದಳು.

ಸಂಜೆ ಹೆಲೆನ್ ಮನೆಗೆ ಬಂದು ಒಲೆಯ ಮುಂದೆ ಕೂತಳು. ತಾನು ಮರೆತಿರಲಿಲ್ಲ, ಹುಡುಗರ ಮುಂದೆ ಹೇಳಲು ನಾಚಿಕೆಯಾಯಿತು, ಕ್ಷಮಿಸು ಎಂದಳು. ಮಾತಿ ಅವಳಿಗೆ ಕಾಫಿ ಕೊಟ್ಟಳು. ಮನೆಗೆ ಬಂದವರಿಗೆ ಕೊಡದಿರುವುದು ಅವಳಿಂದಾಗದು. ಆದರೆ ಉಮೇಶನಿಗೆ ಹೇಳಿದಳು: "ಇಲ್ಲಿ ಬೇಡ. ಜನದ ಮುಂದೆ ಅಂದದ್ದ ಜನದ ಮುಂದೇ ತಿದ್ದಲಿ."

ಹೆಲೆನ್ ತಿದ್ದಲಿಲ್ಲ. ಅಂಗೈಯಲ್ಲಿ ಬೊಬ್ಬೆ ಏಳುವಷ್ಟು ಮರ ಕಡಿದಳು, ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಎರಡು ವಾರಕ್ಕೆ ವ್ಯಾನು ಹೊರಟುಹೋಯಿತು.

ಕಡಿದ ಮರ ಬೋರೆಯಲ್ಲೇ ಬಿದ್ದಿತ್ತು. ಮಾತಿ ಹೊರೆ ಕಟ್ಟಿ ತಲೆಗೇರಿಸಿಕೊಂಡು ಇಳಿಯುತ್ತಿರುವಾಗ ಫಾರೆಸ್ಟ್ ಗಾರ್ಡ್ ಗೋಪಾಲನ್ ಅಡ್ಡ ನಿಂತ. "ಅಮ್ಮಾ, ಇದು ಸರ್ಕಾರಿ ಮರ. ಮುಟ್ಟಬಾರದು."

ಮಾತಿ ಹೊರೆ ಇಳಿಸಲಿಲ್ಲ. "ನೆಡುವಾಗ ಎಂಗ ಮರ. ಕೇಡಾದಾಗ ಎಂಗ ತಪ್ಪು. ಸೌದೆಯಾದ ಮೇಲೆ ಸರ್ಕಾರದ್ದಾ? ದಾರಿ ಬಿಡು, ಸಾಮಿ."

ಅವನು ಬೀಡಿ ಹಚ್ಚುವ ನೆಪದಲ್ಲಿ ಪಕ್ಕಕ್ಕೆ ಸರಿದ. ಮಾರನೇ ದಿನ ಹಟ್ಟಿಯ ಹೆಂಗಸರೆಲ್ಲ ಹಗ್ಗ ಹಿಡಿದು ಮೇಲೆ ಹೋದರು.

ಜೂನಿನ ಮಳೆ ಬಿದ್ದದ್ದೇ ತಡ, ಬೋರೆಯ ತುಂಬ ವಾಟಲ್ ಮೊಳಕೆ ಸೊಪ್ಪಿನ ಪಾತಿಯಂತೆ ಎದ್ದವು. ಮಾತಿ ನೆರೆಯ ಲಿಂಗಿಯನ್ನು ಕರೆದುಕೊಂಡು ಕಂಬಳಿ ಹೊದ್ದು ಕೀಳಲು ಕೂತಳು. ಬೈಯುತ್ತಲೇ ಕಿತ್ತಳು: ಸಂಸ್ಥೆಯವರನ್ನು, ಹೆಲೆನ್‌ಳನ್ನು, ಒಮ್ಮೊಮ್ಮೆ ಗುಂಡಿ ತೋಡಿದ ತನ್ನ ಕೈಗಳನ್ನೂ. ಮೂರನೆಯ ಮಳೆಗಾಲದ ಹೊತ್ತಿಗೆ ಒರತೆಯ ಸುತ್ತ ಒಂದಿಷ್ಟು ಹುಲ್ಲು ಬಂತು. ಅದನ್ನು ನೋಡಲು ಯಾವ ವ್ಯಾನೂ ಬರಲಿಲ್ಲ.

ಅದೇ ಮಳೆಗಾಲದಲ್ಲಿ ಒಂದು ದಿನ ಉಮೇಶ್ ಮೊಬೈಲ್ ಹಿಡಿದು ಬೋರೆ ಹತ್ತಿ ಬಂದ. ಹೆಲೆನ್ ಫೋನ್ ಮಾಡಿದ್ದಳು, ಅವ್ವೆಯ ಜೊತೆ ಮಾತಾಡಬೇಕಂತೆ. ಮಾತಿ ಕೆಸರುಗೈಯನ್ನು ಒರೆಸಿಕೊಳ್ಳಲೂ ಇಲ್ಲ.

"ಎನಗೆ ಕೆಲಸ ಇದೆ ಅನ್ನು. ಮಾತಾಡಬೇಕಾದ್ರೆ ಮಳೆಗಾಲದಲ್ಲೇ ಬರಲಿ, ಇಲ್ಲೇ ಕೂತು ಕೀಳುತ್ತ ಮಾತಾಡಲಿ."

ಉಮೇಶ್ ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದ, ಒಂದು ಮಾತನ್ನೂ ಮೆದು ಮಾಡದೆ.